ಡಬ್ಬಿ ಪಾಳಿ

ಲೈಟ ಯಾವಾಗ ಬರತೈತಿ ಅಂತ
ನಮ್ಮ ಊರಾಗ ಯಾರನ್ನೂ ಕೇಳಬ್ಯಾಡ್ರಿ.
ಮೂರ ದಿನ ರಾತ್ರಿಪಾಳಿ, ನಾಕ ದಿನ ಹಗಲಪಾಳಿ ಅಂತ
ಜತ್ತದ ಆಫೀಸಿನ್ಯಾಗ ಬೋರ್ಡ ಹಾಕ್ಯಾರ.
ಬೋರ್ಡಿಗೇನು, ಅದಕ್ಕ ರೊಟ್ಟಿ ಬೇಕಾಗಂಗಿಲ್ಲ.

ಅದಕ್ಕ ಇಲ್ಲಿ ಪಾಳಿಗೆ ಮಂದಿ ನಿಂದ್ರಂಗಿಲ್ಲ,
ಡಬ್ಬಿ ನಿಂದರತಾವ.
ಎಣ್ಣಿ ಡಬ್ಬಿ, ಬಣ್ಣದ ಬಕೀಟು,
ಮುಚ್ಚಳ ಕಳಕೊಂಡ ಡಬರಿ,
ಸಾಲಿ ಮಾಸ್ತರನ ಪ್ಲಾಸ್ಟಿಕ ಚೀಲ.
ಹೆಸರು ಕೆಲವಕ್ಕ ಮರಾಠ್ಯಾಗ, ಕೆಲವಕ್ಕ ಕನ್ನಡದಾಗ;
ಚಾಂದಬಿ ಡಬ್ಬಿಗೆ ಹೆಸರಿಲ್ಲ, ಹಸರ ದಾರ.
ನಾ ಕಲತದ್ದು ಮೂರನೇತ್ತಾ.
ಡಬ್ಬಿ ಓದಾಕ ಅಷ್ಟ ಸಾಕು.

ಬೆಲ್ಟು ನಮ್ಮ ಮನಿಯವರ ಎರಡ ಬೆರಳ ತಗೊಂಡಾಗಿಂದ
ಗಿರಣಿ ನನ್ನ ಕೈಯಾಗ. ಹನ್ನೊಂದ ವರ್ಷ.
ಯಾರ ಮನ್ಯಾಗ ಏನು ಅನ್ನೂದು
ಬಾಜೂ ಮನಿಯವರಿಗಿಂತ ಮೊದಲ ನನಗ ಗೊತ್ತು.
ಜೋಳದ ಮ್ಯಾಲ ಒಂದ ಗಂಟು ಗೋದಿ ಬಂತಂದ್ರ
ಬೀಗರು ಬಂದಾರ.
ಗೋದ್ಯಾಗ ಮೆಂತೆಕಾಳ ಕಂಡ್ವು ಅಂದ್ರ
ಯಜಮಾನಗ ಸಕ್ರಿ ಬ್ಯಾನಿ ಹಿಡದೈತಿ.
ಹುರದ ನಾಚಣಿ ಬಂದ್ರ ಕೂಸಿಗೆ ಆರ ತಿಂಗಳ ತುಂಬ್ಯಾವ.
ರೇಶನ್ ಕಾಳು ಮೂಗಿಗೆ ಹಿಡದ್ರ ತಿಳಿತೈತಿ,
ಗೋಣಿ ವಾಸನಿ.
ಅದನ್ನ ಮಾತ್ರ ನಾ ಬಾಯಿ ಬಿಟ್ಟ ಅಂದಿಲ್ಲ.

ಅಮಸಿದ್ದನ ಮನಿ ಡಬ್ಬಿ ದೊಡ್ಡದು, ಕಿವಿ ಸೊಟ್ಟ,
ಅವರ ಅಜ್ಜನ ಕಾಲದ್ದು.
ಹ್ವಾದ ಯುಗಾದಿಗೆ ಬರೂದ ಬಿಟ್ಟಿತು.
ಅದರ ಬದಲಿ ಎರಡ ಬಂದ್ವು,
ಒಂದ ಕೆಂಪ ಮುಚ್ಚಳ, ಒಂದ ನೀಲಿ ಮುಚ್ಚಳ,
ಒಂದ ಅಂಗಡಿವು, ಬೆಲಿ ಚೀಟಿ ಇನ್ನೂ ಹರದಿದ್ದಿಲ್ಲ.
ವಾಟಣಿ ಸುದ್ದಿ ಚಾವಡಿಗೆ ಮುಟ್ಟಿದ್ದು
ಆಮ್ಯಾಲ ಎಂಟ ದಿನಕ್ಕ.

ಕೆಂಪು ಇಂದ್ರಾಬಾಯಿದು, ನೀಲಿ ಸುಸಲವ್ವಂದು.
ಒಬ್ಬಾಕಿ ಡಬ್ಬಿಗೆ ಮತ್ತೊಬ್ಬಾಕಿದು ಹತ್ತಿದ್ರ
ಬಗ್ಗಿ ಎಳದು, ನಡಕ ಬ್ಯಾರೇದವರ ಡಬ್ಬಿ ನೂಕತಿದ್ರು.
ಹೆಚ್ಚಾಗಿ ಚಾಂದಬಿದು.
‘ನಂದೊಂದು ಬಾಂದಗಲ್ಲ ಆಗೇತಿ ನೋಡವಾ’
ಅಂತಿದ್ಲು ಆಕಿ.

ಹ್ವಾದ ಮಂಗಳವಾರ ಲೈಟ ಬಂದಾಗ ರಾತ್ರಿ ಎರಡೂವರಿ.
ಚಾಂದಬಿ ಸೋಲಾಪುರಕ್ಕ ಮಗಳ ಕಡೆ ಹೋಗಿದ್ಲು.
ಬಲ್ಬಿನ ಸುತ್ತ ಹಿಟ್ಟಿನ ಧೂಳು, ನನ್ನ ಕಣ್ಣಾಗ ನಿದ್ದಿ.
ಕೆಂಪು ಸುರುವಿದೆ. ಅದು ಅರ್ಧ ಇಳದಿತ್ತು,
ಕೈ ತನ್ನಷ್ಟಕ್ಕ ತಾನ ನೀಲಿ ಎತ್ತಿ ಸುರುವಿತು.

ಎಚ್ಚರ ಆದಾಗ ಕೆಳಗಿನ ಚೀಲ ಬೆಚ್ಚಗ ಉಬ್ಬಿತ್ತು.
ಒಂದ ಹೊಲ, ಒಂದ ಬಾವಿ ನೀರು, ಒಂದ ರಾಶಿ ಜೋಳ.
ಯಾರ ಹಿಟ್ಟು ಯಾವುದಂತ
ಕಲ್ಲಿಗೆ ಹ್ಯಾಂಗ ಕೇಳಲಿ?
ಬಾಗಲಾ ಹಾಕಿ, ತಕ್ಕಡ್ಯಾಗ ಹಾಕಿ, ಪಾಲ ಮಾಡಿದೆ.
ಅಮೀನ ಬಂದು ಹೊಲಾ ಅಳದಾಗ
ಮೂರ ದಿನ ಜಗಳಾಡಿದ್ರಂತ.
ನನಗ ಹತ್ತ ಮಿನಿಟು ಹಿಡೀತು.

ಮುಂಜಾನೆ ಇಬ್ಬರೂ ಬಂದ್ರು, ಮಾರಿ ತಿರಿವಿಕೊಂಡ.
ರೊಕ್ಕ ಕೊಟ್ರು, ಹ್ವಾದ್ರು.
ನಾಕ ದಿನದ ಮ್ಯಾಲ ಸುಸಲವ್ವ,
‘ಯವ್ವಾ, ಈ ಸಲ ರೊಟ್ಟಿ ಹಾಳಿ ಹಾಳಿ ಆಗ್ಯಾವ,
ಕಲ್ಲಿಗೆ ಟಾಕಿ ಹೊಡಿಸಿದೆನ?’ ಅಂದ್ಲು.
ಹೂಂ ಅಂದೆ.
ಆಕಿ ಹೊಳ್ಳಿದ ಕೂಡ್ಲೇ ಇಂದ್ರಾಬಾಯಿ:
‘ದಪ್ಪ ಬಿದ್ದೈತಿ ಹಿಟ್ಟು, ಬಡ್ಯಾಕ ಹ್ವಾದ್ರ ಹರೀತಾವ.
ಕಲ್ಲಿಗೆ ಟಾಕಿ ಹೊಡಸ.’
ಅದಕ್ಕೂ ಹೂಂ ಅಂದೆ.

ನಿನ್ನೆ ಚಾಂದಬಿ ಬಂದ್ಲು.
ಹಸರ ದಾರದ ಡಬ್ಬಿ ತಂದು, ರೂಢಿಯಂಗ,
ಕೆಂಪು ನೀಲಿ ನಡಕ ಇಡಾಕ ಬಗ್ಗಿದ್ಲು.
‘ಅಲ್ಲಿ ಬ್ಯಾಡ, ಈ ಕಡೆ ಗ್ವಾಡಿಗೆ ಇಡು’ ಅಂದೆ,
‘ನಡಕ ಇಲಿ ಅಡ್ಡಾಡತಾವ.’
ನನ್ನ ಮಾರಿ ನೋಡಿದ್ಲು. ಎರಡೂ ಡಬ್ಬಿ ನೋಡಿದ್ಲು.
ಏನ ತಿಳೀತೋ ಏನೋ,
ಗ್ವಾಡಿಗೆ ಇಟ್ಟು, ಎಲಿ ಅಡಕಿ ಕೇಳಿ ಕೂತ್ಲು.

ಇಲಿ ಇದ್ದದ್ದು ಖರೇ ಐತಿ ಮತ್ತ.